ಎದೆ ಡವಡವ, ಅಂಗಳದಲ್ಲಿ ಜೀನಿಯಾ

ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟಾಗದೆ ವಾರ ಕಳೆಯುವುದಿಲ್ಲ. ಕೊರೊನಾ ಕಾಲದಲ್ಲಂತೂ ಎಡವಟ್ಟುಗಳು ಬಾಗಿಲು ತಟ್ಟುವ ಗೋಜಿಗೂ ಹೋಗದೆ ನೇರ ಒಳಗೇ ಬಂದವು. ಆಗ ನಾವು ಮಲೇಷ್ಯಾದ ಸೈಬರ್‌ಜಯಾದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಯೊಂದರಲ್ಲಿದ್ದೆವು. ನಾನು, ನಮ್ಮವರು, ಮಗಳು, ಜೊತೆಗೆ ಅತ್ತೆ. ಅತ್ತೆ ಮೈಸೂರಿನಿಂದ ಮೊಮ್ಮಗಳನ್ನು ನೋಡಿಕೊಂಡು ಹೋಗಲು ಬಂದವರು, ವಿಮಾನ ನಿಂತು ಇಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇತ್ತು. ದಿನಾ ಊರಿನಿಂದ ಒಂದೊಂದು ಸಾವಿನ ಸುದ್ದಿ. ಭಯ ಮರೆಯಲು ಏನಾದರೂ ಬೆಳೆಯೋಣ ಎಂದು ನಾನು ಆನ್‌ಲೈನಿನಲ್ಲಿ ಜೀನಿಯಾ ಬೀಜ ತರಿಸಿದೆ. ಈ ಸೆಖೆಗೆ ಬೇಗ ಹೂ ಬಿಡುತ್ತದೆ ಅಂತ ಬರೆದಿತ್ತು. ನಮ್ಮಲ್ಲಿ ಯಾರೂ ಮೊದಲು ಅದನ್ನು ಬೆಳೆಸಿದವರಲ್ಲ.

ಶೂ ಡಬ್ಬದ ವನವಾಸ

ಬೀಜದ ಪಾರ್ಸೆಲ್ ಬಂದದ್ದೇ ತಡ, ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಅದನ್ನ ಎಷ್ಟು ಜನ ಮುಟ್ಟಿರ್ತಾರೋ! ಒಳಗೆ ತರಬೇಡಿ."

ನಮ್ಮವರು ಸ್ಯಾನಿಟೈಸರ್ ಸುರಿದು ಒರೆಸಿದರು. ಅತ್ತೆಗೆ ಸಮಾಧಾನವಾಗಲಿಲ್ಲ. ಕಾಗದದ ಪೊಟ್ಟಣವನ್ನು ಅರಿಸಿನದ ನೀರಲ್ಲಿ ಅದ್ದಿಸಿ, ಹಳೇ ಶೂ ಡಬ್ಬದಲ್ಲಿ ಹಾಕಿಸಿ, ಕಾರು ನಿಲ್ಲಿಸುವ ಜಾಗದ ಮೂಲೆಗೆ ತಳ್ಳಿಸಿದರು. ಎರಡು ವಾರ ಯಾರೂ ಅದರ ಹತ್ತಿರ ಸುಳಿಯಬಾರದು ಎಂದು ಕಟ್ಟಪ್ಪಣೆ. ಸಂಜೆಸಂಜೆ ಗುಡುಗಿನ ಮಳೆ ಬೇರೆ. ಇರಚಲು ಡಬ್ಬಕ್ಕೆ ಹೊಡೆಯುತ್ತಲೇ ಇತ್ತು.

ಗಡುವು ಮುಗಿದ ದಿನ ನಮ್ಮವರು ಮಾಸ್ಕ್, ಗ್ಲೌಸ್ ಹಾಕಿಕೊಂಡು ಅಡುಗೆಮನೆ ಇಕ್ಕಳದಲ್ಲಿ ಮುಚ್ಚಳ ಎತ್ತಿದರು. ಎತ್ತಿದವರೇ ಹಿಂದಕ್ಕೆ ಹಾರಿದರು.

"ಒಳಗೆ ಏನೋ ಬೆಳೆದಿದೆ ಕಣೇ!"

ನಾವೆಲ್ಲ ಮನೆಯೊಳಕ್ಕೆ ಓಡಿದೆವು. ಸ್ವಲ್ಪ ಹೊತ್ತಿನ ಮೇಲೆ ಧೈರ್ಯ ಮಾಡಿ ಬಗ್ಗಿ ನೋಡಿದರೆ, ಪೊಟ್ಟಣ ಕೊಳೆತು ಬಿರಿದು ಅದರಿಂದ ಬಿಳಿಚಿಕೊಂಡ ಸಸಿಗಳು ಕತ್ತು ಹೊರಗೆ ಹಾಕಿದ್ದವು.

ಅತ್ತೆ ದೂರದಿಂದಲೇ ನೋಡಿ ಹೇಳಿದರು: "ಮನೆಯೊಳಗೆ ಕೂತು ನಾವೆಲ್ಲ ದಪ್ಪ ಆದ್ವಿ. ಇವು ಪರವಾಗಿಲ್ಲ, ಉದ್ದ ಆಗಿವೆ."

ಗೊಬ್ಬರದ ಅಂಗಿ

ಅಂಗಳದ ಮಣ್ಣಿಗೆ ನೆಟ್ಟ ಸಸಿಗೆ ಗೊಬ್ಬರ ಬೇಕಾಯಿತು. ಆಗ ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದು, ಅದೂ ಅಗತ್ಯದ ಸಾಮಾನಿಗೆ. ದಾರಿಯಲ್ಲಿ ಪೊಲೀಸರ ತಡೆ. ನಮ್ಮವರು ಅಕ್ಕಿ, ಬೇಳೆ ತರಲು ಹೋದವರು ಅಂಗಡಿಯ ಮೂಲೆಯಲ್ಲಿದ್ದ ಕೋಳಿಗೊಬ್ಬರದ ಚೀಲವನ್ನೂ ಕಾರಿಗೆ ಹಾಕಿಕೊಂಡರು. ವಾಪಸ್ ಬರುವಾಗ ಪೊಲೀಸಪ್ಪ ಕೈ ಅಡ್ಡ ಹಿಡಿದ. ದಂಡ ಹಾಕಿದರೆ? ವೀಸಾಕ್ಕೆ ತೊಂದರೆಯಾದರೆ? ನಮ್ಮವರು ಕಿಟಕಿ ಇಳಿಸಿದರು.

"ಹಿಂದೆ ಏನಿದೆ ಬಾಸ್?"

ಮಲಯ ಭಾಷೆಯಲ್ಲಿ ಮಾತಾಡಿದರೆ ಕರುಣೆ ತೋರಿಸಬಹುದು ಎಂದು ಇವರಿಗೆ ಅನ್ನಿಸಿತು. ಆ ಭಾಷೆಯಲ್ಲಿ 'ಬಾಜಾ' ಅಂದರೆ ಗೊಬ್ಬರ, 'ಬಾಜು' ಅಂದರೆ ಅಂಗಿ. ಇವರು ಎದೆಯ ಮೇಲೆ ಕೈ ಇಟ್ಟುಕೊಂಡು, ಬಹಳ ವಿನಯದಿಂದ, ತಮ್ಮ ಹತ್ತಿರ ಕೋಳಿ ಹಿಕ್ಕೆಯ ಬಾಜು ಇದೆ ಎಂದರು.

ಪೊಲೀಸಪ್ಪ ಇವರ ಅಂಗಿ ನೋಡಿದ. ಕಾರಿನೊಳಗಿಂದ ಗಾಳಿ ಬೀಸಿತು. ಅವನು ಸರಕ್ಕನೆ ಹಿಂದೆ ಸರಿದು ದಾರಿ ಬಿಟ್ಟ. ಮಾತಿನ ಕೊನೆಗೆ ಇಲ್ಲಿಯವರು ಸೇರಿಸುವ 'ಲಾ' ಮಾತ್ರ ಬಿಡಲಿಲ್ಲ.

"ಬೇಗ ಮನೆಗೆ ಹೋಗಿ ಬಾಸ್. ಮೊದಲು ಸ್ನಾನ ಮಾಡಿ ಲಾ!"

ಬುಸ್

ಗಿಡಗಳು ಮೊಣಕಾಲೆತ್ತರ ಬಂದು ದಟ್ಟವಾದವು. ಒಂದು ಬೆಳಿಗ್ಗೆ ಅತ್ತೆ ಕಿರುಚಿಕೊಂಡು ಒಳಗೆ ಬಂದರು. "ಗಿಡದ ಬುಡದಲ್ಲಿ ಬುಸ್ ಅಂತಿದೆ!" ಕಿಟಕಿಯಿಂದ ನೋಡಿದೆವು. ಎಲೆಗಳ ನಡುವೆ ಕರ್ರಗೆ ಉದ್ದಕ್ಕೆ ಏನೋ ಬಿದ್ದಿತ್ತು, ಆಗಾಗ ಅಲುಗುತ್ತಿತ್ತು. ಇಲ್ಲಿ ನಾಗರಹಾವು ಮನೆಯೊಳಗೇ ನುಗ್ಗಿದ ಕಥೆಗಳನ್ನು ಕೇಳಿದ್ದೆವು. ಕಚ್ಚಿದರೆ ಆಸ್ಪತ್ರೆಗೆ ಹೋಗಬೇಕು. ಆಗ ಆಸ್ಪತ್ರೆ ಎಂದರೆ ಹಾವಿಗಿಂತ ಹೆಚ್ಚು ಭಯ.

ಇಲ್ಲಿ ಹಾವು ಹಿಡಿಯುವುದೂ ಅಗ್ನಿಶಾಮಕದವರೇ. ಫೋನ್ ಮಾಡಿದೆವು. ಗಾಡಿ ಬಂತು. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡ ಇಬ್ಬರು ಇಳಿದರು. ಅವರನ್ನು ನೋಡಿದ್ದೇ ಬೀದಿಯ ಕಿಟಕಿಗಳೆಲ್ಲ ಧಡಧಡ ಮುಚ್ಚಿಕೊಂಡವು. ನಮ್ಮ ಮನೆಗೆ ಕೊರೊನಾ ಬಂದಿದೆ ಎಂದು ಬೀದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಪಕ್ಕದ ಮನೆಯ ತಮಿಳು ಆಂಟಿ ಮಹಡಿಯಿಂದ ಮೂಗು ಮುಚ್ಚಿಕೊಂಡೇ ಕೂಗಿದರು, "ಯಾರುಕ್ಕು ಪಾಸಿಟಿವ್?"

ಸಿಬ್ಬಂದಿಯವನು ಕೋಲಿನಿಂದ ಆ ಕರಿಯದನ್ನು ಮೇಲೆತ್ತಿದ. ಅದು ನಾನೇ ನೀರು ಹಾಯಿಸಿ ನಲ್ಲಿ ನಿಲ್ಲಿಸಲು ಮರೆತಿದ್ದ ಪೈಪು. ಸೀಳಿದ ಕಡೆಯಿಂದ ಬುಸ್ ಎಂದು ನೀರು ಚಿಮ್ಮುತ್ತಿತ್ತು. ಅವನು ಅದನ್ನು ಎತ್ತಿ ಹಿಡಿದು ಇಡೀ ಬೀದಿಗೆ ಕೇಳುವಂತೆ ಕೂಗಿದ:

"ಹಾವು ನೆಗೆಟಿವ್! ಪೈಪ್ ಪಾಸಿಟಿವ್ ಲಾ!"

ಮೊದಲ ಹೂವು

ಕೊನೆಗೂ ಒಂದು ಮುಂಜಾನೆ ಮೊದಲ ಜೀನಿಯಾ ಅರಳಿತು. ಅಂಗೈಯಗಲ, ಕಡು ಗುಲಾಬಿ. ಇನ್ನೂ ಕಾಫಿ ಆಗಿರಲಿಲ್ಲ. ಅತ್ತೆ ಆಸೆಯಿಂದ ಬಗ್ಗಿ ಮೂಸಿದರು. ಮತ್ತೆ ಮೂಸಿದರು. ಅವರ ಮುಖ ಬಿಳಿಚಿಕೊಂಡಿತು.

"ನನಗೆ ವಾಸನೆ ಬರ್ತಿಲ್ಲ ಕಣಮ್ಮಾ."

ವಾಸನೆ ಹೋಗುವುದೇ ಮೊದಲ ಲಕ್ಷಣ ಎಂದು ಟಿವಿಯಲ್ಲಿ ದಿನಾ ಹೇಳುತ್ತಿದ್ದರು. ನಾನು ಓಡಿ ಬಂದು ಮೂಸಿದೆ. ಏನೂ ಇಲ್ಲ. ನಮ್ಮವರು ಮೂಗನ್ನು ಹೂವಿನೊಳಕ್ಕೇ ತುರುಕಿದರು. ಏನೂ ಇಲ್ಲ. ಮಗಳು ಮೂಸಿ, "ನಥಿಂಗ್, ಅಮ್ಮಾ," ಎಂದಳು. ನಾಲ್ಕೂ ಜನಕ್ಕೆ ಬಂದುಬಿಟ್ಟಿದೆ!

ಒಬ್ಬೊಬ್ಬರು ಒಂದೊಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡೆವು. ಅಡುಗೆಮನೆಯಲ್ಲಿ ಒಲೆ ಹಚ್ಚುವವರಿರಲಿಲ್ಲ. ಗೋಡೆಯಾಚೆ ಅತ್ತೆ ಅಳುವುದು ಕೇಳುತ್ತಿತ್ತು. ಅವರ ಸಕ್ಕರೆ ಕಾಯಿಲೆ ನೆನೆದು ನಾನು ಗೋಡೆಗೆ ಕಿವಿಯಿಟ್ಟು ಕೂತೆ. ಗೋಡೆ ತಟ್ಟಿ ಅವರು ಕರೆದರು.

"ಕೇಳಿಸ್ತಿದೆಯಾ? ನಾನು ಉಳಿಯಲ್ಲ. ಒಂದು ಮಾತು ಹೇಳಿಬಿಡ್ತೀನಿ. ನಿನ್ನ ಸಾರು... ನನ್ನ ಸಾರಿಗಿಂತ ಚೆನ್ನಾಗಿರುತ್ತೆ. ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲ."

ನಾನೂ ಅತ್ತುಬಿಟ್ಟೆ. ಮದುವೆಯಾದಾಗಿನಿಂದ ಕಾದಿದ್ದ ಮಾತು ಇಂಥ ಹೊತ್ತಿನಲ್ಲಿ ಬರಬೇಕೇ!

ನಮ್ಮವರು ಹತ್ತಿರದ ನಿಲಾಯ್ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಉಡುಪಿಯ ಡಾಕ್ಟರಮ್ಮನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಜ್ವರ ಉಂಟಾ?"

"ಇಲ್ಲ ಡಾಕ್ಟ್ರೇ."

"ಕೆಮ್ಮು?"

"ಇಲ್ಲ. ವಾಸನೆ ಮಾತ್ರ ಪೂರ್ತಿ ಹೋಗಿದೆ. ನಾಲ್ಕು ಜನಕ್ಕೂ."

"ನಾಲ್ಕು ಜನಕ್ಕೂ ಒಟ್ಟಿಗೇ? ನೀವು ಎಂತ ಮೂಸಿದ್ದು?"

"ಜೀನಿಯಾ."

ಆ ಕಡೆಯಿಂದ ನಗು ತಡೆದುಕೊಂಡ ದನಿ. "ಮಾರಾಯ್ರೆ, ಜೀನಿಯಾಕ್ಕೆ ಪರಿಮಳವೇ ಇಲ್ಲ! ಹೋಗಿ ಕಾಫಿ ಪುಡಿ ಮೂಸಿ ನೋಡಿ."

ಬಾಗಿಲುಗಳು ಒಂದೊಂದಾಗಿ ತೆರೆದವು. ದೂರ ದೂರ ನಿಂತು, ಸರದಿಯ ಪ್ರಕಾರ ಕಾಫಿ ಡಬ್ಬಕ್ಕೆ ಮೂಗಿಟ್ಟೆವು. ಘಮ್ಮೆಂದಿತು! ಮಗಳು ಕುಣಿದಾಡಿದಳು. ನಮ್ಮವರು ಕುರ್ಚಿಯಲ್ಲಿ ಕುಸಿದು ನಕ್ಕರು. ನಾನು ಕಣ್ಣೊರೆಸಿಕೊಂಡು ಒಲೆ ಹಚ್ಚಿದೆ.

ಅತ್ತೆ ಮೆಲ್ಲಗೆ ನನ್ನ ಪಕ್ಕ ಬಂದು ನಿಂತರು. ಡಬ್ಬವನ್ನು ಇನ್ನೊಮ್ಮೆ ಮೂಸಿ ಖಾತ್ರಿ ಮಾಡಿಕೊಂಡರು. ಗಂಟಲು ಸರಿಮಾಡಿಕೊಂಡು ಹೇಳಿದರು:

"ಆ ಸಾರಿನ ವಿಷಯ... ನಾನು ಸಾಯ್ತೀನಿ ಅಂದ್ಕೊಂಡು ಹೇಳಿದ್ದಮ್ಮಾ. ಬದುಕಿರೋವಾಗ ಅದನ್ನ ಲೆಕ್ಕಕ್ಕೆ ತಗೋಬೇಡ."