ಕೆಂಪು ದೀಪದ ಡಿಸ್ಕಪ್ಪ

ನೂರು ಪಾಲಿನ ಜಾಗದಲ್ಲಿ ನೂರಾ ಹದಿನಾರು ಪಾಲು ತುಂಬಿದೆ ಎಂದು ಗೋಡೆಯ ಕಂಪ್ಯೂಟರ್ ಪರದೆ ಹೇಳುತ್ತಿತ್ತು. ಪಕ್ಕದಲ್ಲಿ ಕೆಂಪು ದೀಪ ಬೇರೆ. ಮನೆಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಎಲ್ಲರ ಕೆಲಸವೂ ನೆಟ್‌ವರ್ಕಿನ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಆ ಪೆಟ್ಟಿಗೆಯನ್ನು ಕಾಯುವವನು, ಅದೆಷ್ಟು ತುಂಬಿದೆ ಎಂದು ಲೆಕ್ಕ ಹಾಕಿ ಹೇಳುವ ಪುಟ್ಟ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್, ಬರೆದವನು, ಅದರ ದೆಸೆಯಿಂದ ಬೈಸಿಕೊಳ್ಳುವವನು ಎಲ್ಲ ಒಬ್ಬನೇ. ಕಚೇರಿಯವರು ಅವನಿಗಿಟ್ಟ ಹೆಸರು ಡಿಸ್ಕಪ್ಪ.

"ಏನ್ರೀ ಡಿಸ್ಕಪ್ಪ, ಲೋಟ ಹಿಡಿಯೋದಕ್ಕಿಂತ ಜಾಸ್ತಿ ನೀರು ಲೋಟದಲ್ಲೇ ನಿಂತಿದ್ಯಾ?" ಎಂದರು ಮ್ಯಾನೇಜರ್.

"ಕೂಡಿಸೋ ಕಡೆ ಎಲ್ಲೋ ಎಡವಟ್ಟಾಗಿದೆ ಸರ್. ಶಾಲೇಲೂ ನಂದು ಇದೇ ಕತೆ."

"ನಿಮ್ಮ ಕತೆ ಆಮೇಲೆ. ದೀಪ ಹಸಿರಾದ್ರೆ ರಜೆ, ಇಲ್ದಿದ್ರೆ ಇಲ್ಲ."

ಡಿಸ್ಕಪ್ಪ ಗಡಿಯಾರ ನೋಡಿದ. ಸಂಜೆಯ ರೈಲಿಗೆ ಹೆಂಡತಿ ಮಕ್ಕಳೊಂದಿಗೆ ಸಮುದ್ರ ನೋಡಲು ಹೊರಡಬೇಕಿತ್ತು. ಹಿಂದೆ ಎರಡು ಸಲ ಇದೇ ದೀಪ ಪ್ರವಾಸಕ್ಕೆ ಕಲ್ಲು ಹಾಕಿತ್ತು. "ಈ ಸಲ ತಪ್ಪಿಸಿದ್ರೆ ನನ್ನಷ್ಟು ಕೆಟ್ಟವಳು ಇಲ್ಲ," ಎಂದು ಹೆಂಡತಿ ಬೆಳಗ್ಗೆಯೇ ಎಚ್ಚರಿಸಿದ್ದಳು.

ಸ್ಕ್ರಿಪ್ಟ್ ತೆರೆದದ್ದೇ ತಡ, ಅಕೌಂಟೆಂಟ್ ಮೇಡಂ ಕುರ್ಚಿ ಎಳೆದುಕೊಂಡು ಬಂದರು. "ತುಂಬಿದ್ದನ್ನ ಯಾಕೆ ತೋರಿಸ್ತೀರಿ? ಒಟ್ಟಿನಿಂದ ಅದನ್ನ ಕಳೆದು ಖಾಲಿ ಇರೋದನ್ನ ತೋರಿಸಿ."

ಕಳೆದ. ಖಾಲಿ ಜಾಗ ಮೈನಸ್ ಹದಿನಾರು ಎಂದು ಬಂತು.

"ಅಂದ್ರೆ ನಾವೇ ಪೆಟ್ಟಿಗೆಗೆ ಸ್ವಲ್ಪ ಜಾಗ ಕೊಡ್ಬೇಕಾ?" ಎಂದು ಹಿರಿಯ ನಕ್ಷೆಗಾರರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಸುಮ್ಮನಿದ್ದರೆ ಸಾಕಿತ್ತು. "ಅಳತೆ ಬದಲಿಸೋಕೆ ಸಾವಿರದಿಂದ ಭಾಗಿಸ್ತಿದೀರಲ್ಲ, ಅಲ್ಲೊಂದು ಸೊನ್ನೆ ಜಾಸ್ತಿ ಆಯ್ತು. ತೆಗೀರಿ," ಎಂದರು.

ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುವುದು ಡಿಸ್ಕಪ್ಪನ ಹುಟ್ಟುಗುಣ. ಸೊನ್ನೆ ತೆಗೆದ. ತುಂಬಿದ ಪಾಲು ಸಾವಿರದ ನೂರಾ ಅರವತ್ತಕ್ಕೆ ಏರಿತು. ದೀಪ ಉರಿದದ್ದು ಸಾಲದೆ ಕೂಗಿಕೊಳ್ಳತೊಡಗಿತು.

"ದಯವಿಟ್ಟು ಎಲ್ರೂ ಹೋಗಿ ಕಾಫಿ ಕುಡೀರಿ," ಎಂದು ಕೈಮುಗಿದು ಕಳಿಸಿದ. ಎರಡು ಸಲಹೆಗಳನ್ನೂ ಅಳಿಸಿ, ಸಾಲುಸಾಲಾಗಿ ನೋಡುತ್ತ ಹೋದಾಗ ಒಂದೇ ನಕ್ಷೆ ಎರಡೆರಡು ಸಲ ಕಾಣಿಸಿತು. ಪೆಟ್ಟಿಗೆ ಒಂದೇ, ಆದರೆ ಅದಕ್ಕೆ ನಕ್ಷೆಯವರ ಕಡೆಯಿಂದ ಒಂದು ದಾರಿ, ಲೆಕ್ಕದವರ ಕಡೆಯಿಂದ ಇನ್ನೊಂದು. ಒಂದೇ ಕೋಣೆಗೆ ಎರಡು ಬಾಗಿಲಿದೆ ಅಂತ ಒಳಗಿದ್ದವರನ್ನು ಎರಡು ಸಲ ಎಣಿಸಿದ ಮಹಾನುಭಾವ ತಾನೇ! "ನನ್ನ ತಲೆಗಿಷ್ಟು," ಎಂದು ಹಣೆ ಚಚ್ಚಿಕೊಂಡು ಸರಿಪಡಿಸಿದ. ಐವತ್ತೆಂಟು ಪಾಲು. ಹಸಿರು ದೀಪ!

ಮ್ಯಾನೇಜರಿಗೆ ನಂಬಿಕೆ ಬರಲಿಲ್ಲ. ಡಿಸ್ಕಪ್ಪ ಎಲ್ಲರನ್ನೂ ಸೇರಿಸಿ, ಬೋರ್ಡಿನ ಮೇಲೆ ಬರೆದು, ಮೇಡಂ ಕೈಯಲ್ಲೇ ಕೂಡಿಸಿ ತೋರಿಸಿದ. "ಅರ್ಧದ ಹತ್ರ ಖಾಲಿ ಇದೆ ಸರ್. ಈ ಲೆಕ್ಕಕ್ಕೆ ನಾನು ಜವಾಬ್ದಾರಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ರಜೆಗೆ ಸಹಿ ಬಿತ್ತು.

ಸಂಜೆ ಮನೆ ಮುಂದೆ ಟ್ಯಾಕ್ಸಿ ಬಂತು. ಮಕ್ಕಳು ಹತ್ತಿ ಕೂತರು. ಡಿಸ್ಕಪ್ಪ ಹೊಸ ಟೋಪಿ ಹಾಕಿಕೊಂಡು ಬೀಗ ಹಾಕುವಷ್ಟರಲ್ಲಿ ಫೋನ್ ಬಂತು.

"ಡಿಸ್ಕಪ್ಪ, ದೀಪ ಕೆಂಪಾಗಿದೆ ಕಣ್ರೀ! ನೂರಕ್ಕೆ ನೂರು! ಯಾರ ನಕ್ಷೇನೂ ಸೇವ್ ಆಗ್ತಿಲ್ಲ," ಮ್ಯಾನೇಜರ್ ಅರಚಿದರು.

"ಮಧ್ಯಾಹ್ನ ಹಸಿರಿತ್ತಲ್ಲ ಸರ್!"

"ಅರ್ಧ ಖಾಲಿ ಅಂದ್ರಲ್ಲ ನೀವು, ಎಲ್ರೂ ತಮ್ತಮ್ಮ ಮನೆ ಫೋಟೋ, ವಿಡಿಯೋ ತಂದು ತುಂಬಿದ್ರು. ನಾನೂ ಮೊಮ್ಮಗ ಅಂಬೆಗಾಲಿಡೋದು, ಎದ್ದು ನಿಲ್ಲೋದು ಎಲ್ಲ ಹಾಕ್ದೆ. ಯಾರದ್ದು ತೆಗೀಬೇಕು, ಯಾರದ್ದು ಬಿಡ್ಬೇಕು ಅಂತ ಇಲ್ಲಿ ಜಗಳ ಆಗ್ತಿದೆ. ಈಗಿಂದೀಗ್ಲೇ ಬನ್ನಿ."

ಡಿಸ್ಕಪ್ಪ ಟೋಪಿ ತೆಗೆದ. ಹೆಂಡತಿ ಟ್ಯಾಕ್ಸಿಯಿಂದಲೇ ಅವನ ಮುಖ ನೋಡಿದಳು. ಪಟ್ಟನೆ ಬಾಗಿಲು ಎಳೆದುಕೊಂಡಳು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುವಂತೆ ಅವನು ಕೊನೆಯ ಪ್ರಯತ್ನ ಮಾಡಿದ.

"ಸರ್, ಅದು ನಿಜ ಇರಲ್ಲ! ಸ್ಕ್ರಿಪ್ಟಿನ ತಪ್ಪು. ನನ್ನ ಲೆಕ್ಕ ನಿಮಗೇ ಗೊತ್ತಲ್ಲ, ನಾನು ಶುದ್ಧ ದಡ್ಡ ಸರ್! ಮೇಡಂಗೆ ಇನ್ನೊಂದ್ಸಲ ಕೂಡಿಸೋಕೆ ಹೇಳಿ!"

ಫೋನಿನಲ್ಲಿ ಅಕೌಂಟೆಂಟ್ ಮೇಡಂ ದನಿ ಕೇಳಿಸಿತು. ಅವರಿಗೆ ಹೆಮ್ಮೆಯೋ ಹೆಮ್ಮೆ.

"ಆಗ್ಲೇ ಕೂಡಿಸಿ ನೋಡ್ದೆ ಡಿಸ್ಕಪ್ಪ. ಕೂದಲೆಳೆಯಷ್ಟೂ ತಪ್ಪಿಲ್ಲ!"