ಗೊಬ್ಬರದ ಸಾಹೇಬರ ಮಣ್ಣು ಪರೀಕ್ಷೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳುತ್ತಾರೆ. ಒಂದೇ ಒಂದು ನಿಜ ಹೇಳಿ ಒಂದು ಮದುವೆಯನ್ನು ಮುರಿಯಬಹುದು ಎಂಬುದನ್ನು ಮಾತ್ರ ಅವರು ಹೇಳಿಟ್ಟು ಹೋಗಲಿಲ್ಲ. ಅದನ್ನು ನಾನು ಸ್ವಂತ ಪರಿಶ್ರಮದಿಂದ ಕಂಡುಕೊಂಡೆ. ಇನ್ನೂ ನಾಚಿಕೆಯ ವಿಷಯವೆಂದರೆ, ನಾನು ಹೇಳಿದ ಆ ಒಂದು ನಿಜವೂ ನಿಜವಾಗಿರಲಿಲ್ಲ. ಇಂಥ ಕೆಲಸವನ್ನು ಓದುಬರಹ ಇಲ್ಲದವರು ಮಾಡಲಾರರು. ನಾನು ಇದಕ್ಕಾಗಿ ನಾಲ್ಕು ವರ್ಷ ಬೆಂಗಳೂರಿನಲ್ಲಿ ಹಾಸ್ಟೆಲಿನ ಸಾರು ಕುಡಿದು ಕೃಷಿ ವಿಜ್ಞಾನ ಓದಬೇಕಾಯಿತು.

ನಮ್ಮ ವಂಶದಲ್ಲಿ ಮಣ್ಣಿಗೆ ಕೈಯಿಟ್ಟವರು ಯಾರೂ ಇಲ್ಲ, ಗೌರಿಹಬ್ಬದ ಮುನ್ನಾದಿನ ಕೆರೆಯಂಗಳದಿಂದ ನಾಲ್ಕು ಹಿಡಿ ತಂದು ಗಣಪತಿ ಮಾಡುತ್ತಿದ್ದುದನ್ನು ಬಿಟ್ಟರೆ. ತಾತ ಹಾರನಹಳ್ಳಿಯ ದೇವಸ್ಥಾನದಲ್ಲಿ ಪೂಜೆಗಿದ್ದರು. ಅಪ್ಪ ಅರಸೀಕೆರೆಯಲ್ಲಿ ಸ್ಕೂಲು ಮೇಷ್ಟರು. ನನ್ನನ್ನು ಡಾಕ್ಟರು ಮಾಡಬೇಕೆಂದು ಅವರಿಗೆ ಆಸೆಯಿತ್ತು. ನನ್ನ ಇಂಟರ್‌ಮೀಡಿಯೆಟ್ ಅಂಕಗಳು ಒಪ್ಪಲಿಲ್ಲ. ಎಂಜಿನಿಯರಿಂಗಿಗೂ ಒಪ್ಪಲಿಲ್ಲ. ಕೊನೆಗೆ ಕೃಷಿ ಕಾಲೇಜಿನಿಂದ ಕಾಗದ ಬಂದಾಗ ಅಪ್ಪ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ‘ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು’ ಎಂದರು. ಆ ಗಾದೆಯನ್ನು ಅವರು ಇಪ್ಪತ್ತು ವರ್ಷ ಮಕ್ಕಳ ಕೈಲಿ ಬರೆಸಿದ್ದರೇ ಹೊರತು ಒಂದು ದಿನವೂ ನಂಬಿರಲಿಲ್ಲ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಪಕ್ಕದ ಮನೆಯ ಅಂಗಡಿ ಶೆಟ್ಟರು ‘ಉಳೋದಕ್ಕೂ ಕಾಲೇಜು ಬಂತೇನ್ರೀ ಮೇಷ್ಟ್ರೇ’ ಎಂದು ಕೇಳಿದ ಮೇಲೆ ಅಪ್ಪ ನನ್ನ ಓದಿನ ಮಾತನ್ನೇ ನಿಲ್ಲಿಸಿದರು. ನನ್ನ ಡಿಗ್ರಿ ಬಿ.ಎಸ್ಸಿ., ಅದರ ಮುಂದೆ ಬ್ರಾಕೆಟ್ಟಿನಲ್ಲಿ ಎ.ಜಿ. ಮದುವೆಯ ಲಗ್ನಪತ್ರಿಕೆ ಅಚ್ಚಾಗುವಾಗ ಅಪ್ಪ ಬ್ರಾಕೆಟ್ಟನ್ನು ತೆಗೆಸಿಹಾಕಿದರು. ನಮ್ಮ ಮಾವನವರು ಹಾಸನದ ಕೋರ್ಟಿನಲ್ಲಿ ಶಿರಸ್ತೇದಾರರು, ಸಾಕ್ಷಿಗಳನ್ನು ನೋಡಿ ಪಳಗಿದವರು. ಅವರಿಗೂ ಈ ಬ್ರಾಕೆಟ್ಟಿನ ಸುಳಿವು ಸಿಕ್ಕಿದ್ದು ಧಾರೆಯಾದ ಮೇಲೆ. ಅಳಿಯ ಮುಂದೆ ಅಮಲ್ದಾರನಾಗುತ್ತಾನೆಂದು ಅವರು ಎಣಿಸಿದ್ದರಂತೆ.

ಆದವರೂ ಇದ್ದಾರೆ. ನನ್ನ ಜೊತೆ ಓದಿದ ಒಬ್ಬ ಪರೀಕ್ಷೆ ಕಟ್ಟಿ ರೆವೆನ್ಯೂ ಇಲಾಖೆಗೆ ಹಾರಿದ. ಈಗ ಅವನು ಭೂಮಿಯ ವಿಷಯ ಮಾತಾಡಿದರೆ ಜನ ಎದ್ದು ನಿಂತು ಕೇಳುತ್ತಾರೆ. ಇನ್ನೊಬ್ಬ ಕ್ರಿಮಿನಾಶಕದ ಕಂಪನಿ ಸೇರಿ ಜೀಪಿನಲ್ಲಿ ಓಡಾಡುತ್ತಾನೆ. ಮತ್ತೊಬ್ಬ ಕಾಫಿ ತೋಟದಲ್ಲಿ ಮ್ಯಾನೇಜರಾಗಿ ಅರ್ಧ ಚಡ್ಡಿ ಹಾಕುವುದನ್ನೂ ಬೈಯುವುದನ್ನೂ ಕಲಿತ. ತರಗತಿಗೆ ಮೊದಲಿಗನಾಗಿದ್ದವನು ರಾಗಿಯ ತಳಿಗಳ ಮೇಲೆ ಸಂಶೋಧನೆ ಮಾಡುತ್ತ ಮದುವೆಯನ್ನೇ ಮರೆತಿದ್ದಾನೆ. ಇವು ಯಾವುವೂ ಆಗದವರಿಗೆಂದು ಸರ್ಕಾರ ಮಾಡಿಟ್ಟದ್ದು ವಿಸ್ತರಣಾಧಿಕಾರಿ ಎಂಬ ಹುದ್ದೆ. ಬೇಲೂರಿನಲ್ಲಿ ಒಂದು ಮೇಜು, ಒಂದು ಸೈಕಲ್ಲು, ಸುತ್ತ ಹಳ್ಳಿಗಳು. ಅಮೋನಿಯಂ ಸಲ್ಫೇಟಿನ ಗುಣಗಾನ ಮಾಡುವುದೇ ನನ್ನ ಮೊದಲ ಕೆಲಸವಾದ್ದರಿಂದ ಹಗರೆಯ ಕಡೆಯ ಜನ ನನ್ನನ್ನು ಗೊಬ್ಬರದ ಸಾಹೇಬರೆಂದು ಕರೆದರು. ನನಗೆ ಬೇಸರವಿರಲಿಲ್ಲ. ಬೇಸರವಾದದ್ದು ನನ್ನ ಹೆಂಡತಿ ಸರಸಳಿಗೆ, ಸಂತೆಯಲ್ಲಿ ಯಾರೋ ಅವಳನ್ನು ಗೊಬ್ಬರದ ಅಮ್ಮಾವ್ರು ಎಂದ ದಿನ. ಆಮೇಲೆ ಅವಳು ನನ್ನ ಜೊತೆ ಸಂತೆಗೆ ಬರುವುದನ್ನು ಬಿಟ್ಟಳು.

ಆಗ ಮಣ್ಣು ಪರೀಕ್ಷೆಯ ಯೋಜನೆ ಬಂತು. ರೈತರು ತಮ್ಮ ಹೊಲದ ಮಣ್ಣನ್ನು ಬಟ್ಟೆಯ ಚೀಲದಲ್ಲಿ ತುಂಬಿ, ಹೆಸರು, ಸರ್ವೆ ನಂಬರು ಬರೆಸಿ ಕೊಡಬೇಕು. ನಾನು ಬೆಂಗಳೂರಿಗೆ ಕಳಿಸಬೇಕು. ಅಲ್ಲಿಂದ ವರದಿ ಬರುತ್ತದೆ. ಹೊಲದ ಎಲ್ಲ ಕಡೆಯಿಂದ ಮಣ್ಣು ತೆಗೆದು ಬೆರೆಸಬೇಕು ಎಂದು ನಾನು ಹಗರೆಯ ಹತ್ತಿರದ ಒಂದು ಹಳ್ಳಿಯಲ್ಲಿ ಅರಳಿಕಟ್ಟೆಯ ಮೇಲೆ ನಿಂತು ಗಂಟಲು ಹರಿಯುವಂತೆ ಹೇಳಿದೆ. ಜನ ತಲೆದೂಗಿದರು. ತಲೆದೂಗುವುದಕ್ಕೂ ಒಪ್ಪುವುದಕ್ಕೂ ಸಂಬಂಧವಿಲ್ಲ ಎಂಬುದು ನಮ್ಮ ಪಠ್ಯದಲ್ಲಿ ಇರಲಿಲ್ಲ. ಎಂಟು ದಿನದಲ್ಲಿ ಹನ್ನೊಂದು ಚೀಲ ಬಂದವು. ನನ್ನ ಭಾಷಣಕ್ಕೆ ಇಷ್ಟು ಫಲ ಹಿಂದೆಂದೂ ಸಿಕ್ಕಿರಲಿಲ್ಲ. ಪೋಸ್ಟ್ ಮಾಸ್ಟರು ‘ಊರಿನ ಮಣ್ಣನ್ನೆಲ್ಲ ಬೆಂಗಳೂರಿಗೆ ಸಾಗಿಸ್ತಿದ್ದೀರಲ್ಲ’ ಎಂದು ನಗುತ್ತ ಪಾರ್ಸಲ್ ತೂಗಿದರು.

ಎರಡು ತಿಂಗಳ ಮೇಲೆ ವರದಿಗಳು ಬಂದವು. ಹನ್ನೊಂದೂ ಒಂದೇ ಬಗೆ. ಶುದ್ಧ ಚೌಳು ನೆಲ, ಉಪ್ಪು ಅತಿಯಾಗಿದೆ, ಬೆಳೆಗೆ ಯೋಗ್ಯವಲ್ಲ. ಕಣ್ಣೆದುರಿಗೆ ಆಳೆತ್ತರ ಜೋಳ ನಿಂತಿದ್ದ ಊರು ಅದು. ಸಾಮಾನ್ಯ ಬುದ್ಧಿಯವನಾದರೆ ಅನುಮಾನಪಡುತ್ತಿದ್ದ. ನಾನು ಪದವೀಧರ, ಜೋಳವನ್ನು ನಂಬದೆ ಕಾಗದವನ್ನು ನಂಬಿದೆ. ಈ ಸೀಮೆಯಲ್ಲಿ ಚೌಳು ಗುಪ್ತವಾಗಿ ಹರಡುತ್ತಿದೆ ಎಂದು ಮೇಲಧಿಕಾರಿಗಳಿಗೆ ಆರು ಪುಟ ಬರೆದೆ. ಅವರು ಮೆಚ್ಚಿ ಉತ್ತರ ಬರೆದರು. ಆ ಪತ್ರವನ್ನು ಅರಸೀಕೆರೆಗೆ ಒಯ್ದು ಅಪ್ಪನಿಗೂ ತೋರಿಸಿದೆ.

ಅದೇ ವಾರ ಗಂಡಸಿ ಕಡೆಯಿಂದ ಇಬ್ಬರು ಹಿರಿಯರು ಆಫೀಸಿಗೆ ಬಂದರು. ಮಣ್ಣು ಕೊಟ್ಟಿದ್ದ ಹನ್ನೊಂದು ಮಂದಿಯಲ್ಲಿ ಒಬ್ಬರಾದ ತಿಮ್ಮೇಗೌಡರ ಮಗಳು ಜಯಮ್ಮನನ್ನು ತಮ್ಮ ಹುಡುಗನಿಗೆ ತರುವ ಮಾತಾಗಿತ್ತು. ತಿಮ್ಮೇಗೌಡರಿಗೆ ಗಂಡುಮಕ್ಕಳಿಲ್ಲ, ಮಗಳ ಹಿಂದೆ ಹೊಲವೂ ಬರುತ್ತದೆ. ಆ ಹೊಲ ಹೇಗೆ, ತಾವು ಓದಿದವರು, ಸುಳ್ಳು ಹೇಳುವವರಲ್ಲ ಎಂದು ಕೇಳಿದರು. ಹೆಣ್ಣು ಕೊಡುವ ತರುವ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ನನ್ನ ಮದುವೆಯಲ್ಲೂ ಕೇಳಿರಲಿಲ್ಲ. ನಾನು ಉಬ್ಬಿಹೋಗಿ, ರಬ್ಬರ್ ಸ್ಟ್ಯಾಂಪು ಬಿದ್ದಿದ್ದ ವರದಿಯನ್ನು ತೆಗೆದು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೈಮುಗಿದು ಎದ್ದುಹೋದರು.

ನಾಲ್ಕನೆಯ ದಿನ ತಿಮ್ಮೇಗೌಡರು ಬಂದು ಬಾಗಿಲಲ್ಲಿ ನಿಂತರು. ಕೂರಿ ಎಂದರೂ ಕೂರಲಿಲ್ಲ. ಹೆಗಲ ವಸ್ತ್ರವನ್ನು ಕೈಯಲ್ಲಿ ಹಿಡಿದು ಅದರ ಅಂಚನ್ನೇ ನೋಡುತ್ತ, ‘ಅದು ನನ್ ಹೊಲದ ಮಣ್ಣಲ್ಲ ಸಾಮಿ’ ಎಂದರು.

‘ಮತ್ತೆ?’

‘ಕೆರೆ ಕೋಡಿ ತಾವ ಅಗಸರು ಬಟ್ಟೆ ಒಗೆಯಕ್ಕೆ ಸೌಳು ತಗೀತಾರಲ್ಲ, ಆ ಗುಂಡೀದು. ಮಣ್ಣು ಚೆಂದಾಗೈತೆ ಅಂತ ಬರುದ್ಬುಟ್ರೆ ಕಂದಾಯ ಏರುಸ್ತಾರೆ ಅಂದ್ರು. ಎಲ್ರೂ ಅಲ್ಲಿಂದ್ಲೇ ತುಂಬಿದ್ರು, ನಾನೂ ತುಂಬ್ದೆ.’

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಸರ್ಕಾರಕ್ಕೆ ಹೇಳಿದ ಸುಳ್ಳು ಬೀಗರ ಮನೆಗೆ ಹೋಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಗಂಡಸಿಯವರು ಹೆಣ್ಣು ಬೇಡವೆಂದು ಹೇಳಿಕಳಿಸಿದ್ದರು. ಚೌಳಿನ ಹೊಲದ ಹುಡುಗಿ ಎಂಬ ಮಾತು ಆಗಲೇ ಹಗರೆಯ ಬಸ್ ನಿಲ್ದಾಣದವರೆಗೆ ಬಂದಿತ್ತು. ಆ ದಿನ ನನಗೆ ಊಟ ಸೇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಸರಸ ಕೇಳಿದಳು. ಉಪ್ಪು ಎಂಬ ಮಾತು ಕೇಳಿಯೇ ನಾನು ಎಲೆ ಬಿಟ್ಟು ಎದ್ದೆ.

ಮಾರನೆಯ ದಿನ ಸೈಕಲ್ ಏರಿ ನಾನೇ ಹೋದೆ. ಗುದ್ದಲಿ ಹಿಡಿದು ತಿಮ್ಮೇಗೌಡರ ಹೊಲದಲ್ಲಿ ಎಂಟು ಕಡೆ ಅಗೆಯಲು ಹೊರಟೆ. ಕಾಲೇಜು ಬಿಟ್ಟ ಮೇಲೆ ಗುದ್ದಲಿ ಹಿಡಿದದ್ದು ಅದೇ ಮೊದಲು. ಮೂರನೆಯ ಗುಂಡಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಜಯಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದವಳು, ಕೊನೆಗೆ ಗುದ್ದಲಿ ತೆಗೆದುಕೊಂಡು ಉಳಿದ ಗುಂಡಿಗಳನ್ನು ತಾನೇ ತೆಗೆದುಕೊಟ್ಟಳು. ಹದವಾದ ಕೆಂಪು ಮಣ್ಣು, ಹಿಡಿದರೆ ಉಂಡೆಯಾಗುತ್ತಿತ್ತು, ಬಿಟ್ಟರೆ ಪುಡಿಯಾಗುತ್ತಿತ್ತು. ಅದನ್ನು ಕಳಿಸಿ, ಜರೂರು ಎಂದು ಎರಡು ಜ್ಞಾಪನಪತ್ರ ಬರೆದೆ. ನನ್ನ ಜರೂರು ಬೆಂಗಳೂರಿಗೆ ತಲುಪಿ ಅಲ್ಲಿಯೇ ಮಲಗಿತು. ವರದಿ ಬರುವ ಹೊತ್ತಿಗೆ ಗಂಡಸಿಯ ಹುಡುಗನಿಗೆ ಬೇರೆ ಕಡೆ ಮದುವೆಯಾಗಿ ಆಷಾಢವೂ ಕಳೆದಿತ್ತು.

ವರದಿಯಲ್ಲಿ ಅತ್ಯುತ್ತಮ ಎಂದು ಬರೆದಿತ್ತು. ಅದನ್ನು ಹಿಡಿದು ಓಡಿದೆ. ತಿಮ್ಮೇಗೌಡರು ಕೇಳಿಸಿಕೊಂಡು, ಈ ಕಾಗದ ತಾಲ್ಲೂಕು ಕಚೇರಿಗೂ ಹೋಗುತ್ತದೆಯೇ ಎಂದು ಮೊದಲು ವಿಚಾರಿಸಿದರು. ಇಲ್ಲವೆಂದೆ. ಈಗ ಇದನ್ನು ತೋರಿಸಿದರೆ, ಗೊಬ್ಬರದ ಸಾಹೇಬರಿಗೆ ಒಂದು ಮೂಟೆ ತೆಂಗಿನಕಾಯಿ ಕೊಟ್ಟು ಬರೆಸಿಕೊಂಡ ಎನ್ನುತ್ತಾರೆ ಎಂದರು. ಅದೂ ನಿಜವೇ. ನಾನು ಹೊರಡಲೆಂದು ಎದ್ದೆ. ಮಜ್ಜಿಗೆಯ ಲೋಟ ತೆಗೆದುಕೊಳ್ಳಲು ಬಂದ ಜಯಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು: ‘ಇನ್ ಮ್ಯಾಕೆ ಯಾರಾನಾ ಬಂದು ಕೇಳುದ್ರೆ, ಗೊತ್ತಿಲ್ಲ ಅಂದ್ಬುಡಿ ಸಾಮಿ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಒಂದು ಸುಲಭದ ಕೆಲಸ ಹೇಳಿಕೊಟ್ಟ ಹಾಗಿತ್ತು. ನಾಲ್ಕು ವರ್ಷದ ಓದಿನಿಂದ ಒಂದು ಹುಡುಗಿಗೆ ಬೇಕಾದ ಉಪಕಾರ ಇಷ್ಟೇ ಎಂದು ತಿಳಿದು ನನಗೆ ಬಹಳ ದುಃಖವಾಯಿತು. ದಾರಿಯುದ್ದಕ್ಕೂ ಸೈಕಲ್ ತಳ್ಳಿಕೊಂಡೇ ಬಂದೆ.

ಸುಗ್ಗಿ ಮುಗಿದ ಮೇಲೆ ಹಳೇಬೀಡಿನ ಕಡೆಯವರು ಮೂವರು ಹಗರೆಯಲ್ಲಿ ಬಸ್ಸಿಳಿದು, ನಿಲ್ದಾಣದಲ್ಲಿ ನನ್ನನ್ನೇ ಹಿಡಿದರು. ತಿಮ್ಮೇಗೌಡರ ಹೊಲದ ವಿಷಯ ಏನೋ ಕೇಳಿದೆವು, ಹೇಗಿದೆ ಮಣ್ಣು ಎಂದರು. ಅತ್ಯುತ್ತಮ ಎಂದಿದ್ದ ವರದಿ ನನ್ನ ಕೈಚೀಲದಲ್ಲಿಯೇ ಇತ್ತು. ಗೊತ್ತಿಲ್ಲ ಎಂದೆ. ಗುಂಪಿನ ಹಿರಿಯ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಜೊತೆಯವರಿಗೆ, ‘ಬನ್ರಲಾ, ಪಾಪ, ಅವ್ರದೂ ಹೊಟ್ಟೆಪಾಡು’ ಎಂದ. ನಾನು ಮಣ್ಣು ನೋಡುವ ನೆಪ ಮಾಡಿಕೊಂಡು ದೂರದಿಂದ ಹಿಂಬಾಲಿಸಿದೆ. ಅವರು ಹೊಲದ ಕಡೆಗೇ ಹೋಗಲಿಲ್ಲ. ತಿಮ್ಮೇಗೌಡರ ಮನೆಯ ಹಿಂದೆ ಹೋಗಿ ತಿಪ್ಪೆಯನ್ನು ಸುತ್ತು ಹಾಕಿ ನೋಡಿದರು, ಹಿರಿಯ ಅದಕ್ಕೆ ಕೋಲು ಚುಚ್ಚಿ ಆಳ ನೋಡಿದ. ಆಮೇಲೆ ಹುಲ್ಲಿನ ಮೆದೆಯ ಎತ್ತರವನ್ನು ನೋಡಿದರು. ಮುಂದೆ ಬಂದು ಜಗಲಿಯ ಮೇಲೆ ಕೂತರು. ಎಲೆ ಅಡಿಕೆ ತಟ್ಟೆ ಹೊರಬಂದದ್ದನ್ನು ನಾನು ಬೇಲಿಯಾಚೆಯಿಂದ ನೋಡಿ ಸೈಕಲ್ ತಿರುಗಿಸಿದೆ.

ಜಯಮ್ಮನ ಮದುವೆಗೆ ನಮ್ಮನ್ನೂ ಕರೆಯಬಹುದೆಂದು ಸರಸಳಿಗೆ ಹೇಳಿದ್ದೆ. ಅವಳೂ, ಗೊಬ್ಬರದ ಅಮ್ಮಾವ್ರು ಎಂದರೆ ಅನ್ನಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡು, ಧಾರೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹರಡಿದ್ದಳು. ಮದುವೆ ಮುಗಿದು ಮೂರು ದಿನಕ್ಕೆ ನಮ್ಮ ಗ್ರಾಮಸೇವಕ ರಂಗಪ್ಪ ತಾಂಬೂಲದ ಚೀಲ ತಂದು ಮೇಜಿನ ಮೇಲಿಟ್ಟ. ಟೋಪಿ ತಿರುವುತ್ತ, ‘ನಿಮ್ಮನ್ನ ಕರೀಬೇಕು ಅಂತ ಗೌಡ್ರಿಗೆ ಬಾಳ ಆಸೆ ಇತ್ತು ಸಾರ್. ಊಟದ ಪಂಕ್ತೀಲಿ ಯಾರಾನಾ ಏನಾನಾ ಕೇಳ್ಬುಟ್ರೆ ಅಂತ ಸುಮ್ಕಾದ್ರು’ ಎಂದ.

ಚೀಲವನ್ನು ಮನೆಗೆ ತಂದೆ. ಯಾರ ಮನೆಯ ಮದುವೆಯದು ಎಂದು ಸರಸ ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹಗ್ಗದ ಮೇಲಿದ್ದ ಧಾರೆ ಸೀರೆಯನ್ನು ಮಡಿಸಿ ಒಳಗಿಟ್ಟು ಬಂದು, ಕಾಯಿ ಒಡೆದಳು. ಬೆರಳಿನಷ್ಟು ದಪ್ಪದ ತಿರುಳು.

‘ಎಂಥ ಕಾಯಿ ಕಣ್ರೀ’ ಎಂದಳು. ‘ಯಾವ ಮಣ್ಣಿನದೋ.’

ಗೊತ್ತಿಲ್ಲ ಎಂದೆ.