ಕೀಲಿ ತೆಗೆದರೂ ನಿಲ್ಲದ ವ್ಯಾನು

ಲಾಂಡ್ರಿಯವನ ಡೀಸೆಲ್ ವ್ಯಾನು ಒಂದು ತಿಂಗಳಿಂದ ಏರು ಕಂಡರೆ ಸಾಕು, ಕೆಮ್ಮಿ, ಕಪ್ಪು ಹೊಗೆ ಉಗುಳಿ ನಿಂತುಬಿಡುತ್ತಿತ್ತು. ಇವತ್ತು ಹನ್ನೊಂದಕ್ಕೆ ವಾಹನ ತಪಾಸಣೆ. ಅಲ್ಲಿನ ದಿಬ್ಬ ಹತ್ತದ ಗಾಡಿ ಸೀದಾ ಗುಜರಿಗೆ. ವ್ಯಾನು ಹೋದರೆ ಆಸ್ಪತ್ರೆಯ ಹೊದಿಕೆ ಒಗೆಯುವ ಗುತ್ತಿಗೆಯೂ ಹೋಯಿತು. ಮನೆಯ ಹೊಟ್ಟೆಪಾಡೇ ಅದು.

"ಭಾವ, ಚಿಂತೆ ಬಿಡಿ. ಇಂಜಿನ್ ಗಾಳಿ ಎಳ್ಕೊಳ್ಳೋ ಪೈಪಿಗೆ ಅಡುಗೆ ಗ್ಯಾಸ್ ಬಿಟ್ರೆ ಗಾಡಿ ಹಾರುತ್ತೆ," ಎಂದ ಹೆಂಡತಿಯ ತಮ್ಮ. ಓಣಿಯೆಲ್ಲ ಅವನನ್ನು ಉಪಾಯ ಎಂದೇ ಕರೆಯುತ್ತಿತ್ತು. ಅವನ ಉಪಾಯದಿಂದ ಉದ್ಧಾರವಾದವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಸಿಡಿಯಲ್ವೇನೋ?"

"ಒಲೆ ಸಿಡಿಯುತ್ತಾ? ನಾನು ವೀಡಿಯೋದಲ್ಲಿ ನೋಡಿದೀನಿ."

"ಸಿಲಿಂಡರ್ ತಗೊಂಡ್ ಹೋಗಿ. ಮಧ್ಯಾಹ್ನದ ಅಡುಗೇನೂ ಇಂಜಿನ್ ಮೇಲೇ ಮಾಡ್ಕೊಳ್ಳಿ," ಎಂದಳು ಹೆಂಡತಿ.

ಉಪಾಯ ಚಿಕ್ಕ ಸಿಲಿಂಡರನ್ನು ಡ್ರೈವರ್ ಸೀಟಿನ ಕೆಳಗೆ ಬಚ್ಚಿಟ್ಟು, ಗಾಳಿಯ ಪೈಪಿಗೆ ಅಗಲವಾದ ತೂತು ಕೊರೆದು ರಬ್ಬರ್ ಕೊಳವೆ ತೂರಿಸಿದ. ವ್ಯಾನು ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯಿತು. ಲಾಂಡ್ರಿಯವನು ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಹೋದ.

ತಪಾಸಣೆಯ ದಿಬ್ಬವನ್ನೂ ಒಂದೇ ಉಸಿರಿಗೆ ಹತ್ತಿಳಿದ.

"ಭೇಷ್. ಇಂಜಿನ್ ಆಫ್ ಮಾಡಿ," ಎಂದರು ತಪಾಸಣೆಯ ಮೇಡಂ.

ಕೀಲಿ ತಿರುಗಿಸಿದ. ಇಂಜಿನ್ ನಿಲ್ಲಲಿಲ್ಲ. ಕೀಲಿಯನ್ನೇ ಕಿತ್ತ. ಅದು ಇನ್ನೂ ಜೋರಾಗಿ ಅರಚತೊಡಗಿತು.

"ಆಫ್ ಮಾಡಿ ಅಂದೆ!"

"ಮಾಡಿದೀನಿ ಮೇಡಂ," ಎಂದು ಅಂಗೈ ಮೇಲಿನ ಕೀಲಿ ತೋರಿಸಿದ.

"ಮತ್ತೆ ಈ ಅರಚಾಟ ಯಾರದು, ನನ್ದಾ?"

ಕೀಲಿ ನಿಲ್ಲಿಸಿದ್ದು ಡೀಸೆಲನ್ನು. ಗಾಳಿಯ ಜೊತೆ ಗ್ಯಾಸು ಕುಡಿಯುತ್ತಿದ್ದ ಇಂಜಿನ್ನಿಗೆ ಅದರ ಹಂಗೇ ಇರಲಿಲ್ಲ. ಸೀಟೆತ್ತಿ ಸಿಲಿಂಡರ್ ಮುಚ್ಚಿದರೆ ನಿಲ್ಲುತ್ತದೆ ನಿಜ, ಆದರೆ ಸೀಟೆತ್ತಿದರೆ ಗುಟ್ಟು ರಟ್ಟು. ಬಡಪಾಯಿ ಮೊಟ್ಟೆಯ ಮೇಲಿನ ಕೋಳಿಯ ಹಾಗೆ ಕೂತೇ ಇದ್ದ.

"ಇಳಿಯಪ್ಪಾ, ನಾನ್ ನೋಡ್ತೀನಿ!" ಎಂದ ಸರತಿಯಲ್ಲಿದ್ದ ಲಾರಿ ಡ್ರೈವರ್.

"ಕಾಲು ಜೋಮು ಹಿಡಿದಿದೆ ಅಣ್ಣಾ."

ಲಾರಿಯವನು ಬ್ಯಾಟರಿಯ ತಂತಿಯನ್ನೇ ಕಿತ್ತುಹಾಕಿದ. ಇಂಜಿನ್ ಕ್ಯಾರೇ ಅನ್ನಲಿಲ್ಲ. ಅದರೊಳಗೆ ಯಾರೋ ಸುತ್ತಿಗೆಯಿಂದ ಬಡಿಯುವ ಸದ್ದು ಎದ್ದಿತು. ಜೊತೆಗೆ ಬಂದಿದ್ದ ಉಪಾಯ ಗೇಟಿನಾಚೆ ನಿಂತು ಧೈರ್ಯವಾಗಿರಿ ಎಂದು ಕೈಸನ್ನೆ ಮಾಡುತ್ತಿದ್ದ.

ಸೋತ ಲಾರಿಯವನು ತುಟಿಗೆ ಸಿಗರೇಟಿಟ್ಟು ಕಡ್ಡಿ ಗೀರಲು ಹೋದ. ಅದುರಾಟಕ್ಕೆ ಕೊಳವೆ ಸಡಿಲವಾಗಿ ಗ್ಯಾಸಿನ ವಾಸನೆ ಆಗಲೇ ಲಾಂಡ್ರಿಯವನ ಮೂಗಿಗೆ ಬಡಿದಿತ್ತು. ಸುತ್ತ ಹತ್ತು ಜನ ನಿಂತಿದ್ದರು. ವ್ಯಾನು, ಗುತ್ತಿಗೆ ಎಲ್ಲ ಮರೆತುಹೋಯಿತು.

"ಹಚ್ಬೇಡಿ! ಗ್ಯಾಸಿದೆ! ಎಲ್ಲಾ ದೂರ ಹೋಗಿ!"

ಕಿರುಚುತ್ತಲೇ ಸೀಟೆತ್ತಿ ಸಿಲಿಂಡರ್ ಮುಚ್ಚಿದ. ಢಂ ಎಂದು ಒಮ್ಮೆ ಒದರಿ ಇಂಜಿನ್ ಸತ್ತಿತು.

ವಾಸನೆ ಆರಿದ ಮೇಲೆ ಮೇಡಂ ಹತ್ತಿರ ಬಂದು ಸಿಲಿಂಡರನ್ನೂ ಅವನನ್ನೂ ನೋಡಿದರು. ಅವನು ಎಲ್ಲವನ್ನೂ ಒಪ್ಪಿಕೊಂಡ.

"ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ ಕಣ್ರೀ, ಬಿಸಿ ಒತ್ತಡಕ್ಕೇ ಹತ್ಕೊಳ್ಳುತ್ತೆ. ಗಾಳೀಲಿ ಗ್ಯಾಸ್ ಬೆರೆಸಿದ್ರೆ ಅದು ಯಾರ ಮಾತೂ ಕೇಳಲ್ಲ. ಪಿಸ್ಟನ್ ತೂತಾಗಿರುತ್ತೆ. ಗುಜರಿಗೇ ಬರೀಬೇಕಿತ್ತು. ಆದ್ರೆ ಗಾಡಿ ಆಸೆ ಬಿಟ್ಟು ಜನ ಉಳಿಸಿದ್ರಲ್ಲ, ಒಂದು ತಿಂಗಳು ಟೈಮ್ ಕೊಡ್ತೀನಿ. ರಿಪೇರಿ ಮಾಡಿಸ್ಕೊಂಡ್ ಬನ್ನಿ."

ಅವನಿಗೆ ಹೋದ ಜೀವ ಬಂದಂತಾಯಿತು. ಎರಡೂ ಕೈ ಎತ್ತಿ ಮುಗಿದ.

"ಇರ್ಲಿ, ಮೊದಲು ಯಾಕೆ ಏರು ಹತ್ತುತ್ತಿರ್ಲಿಲ್ಲ?" ಎನ್ನುತ್ತ ಮೇಡಂ ಗಾಳಿಯ ಫಿಲ್ಟರಿನ ಡಬ್ಬಿ ತೆರೆದರು. ಒಳಗೆ ಹೊಚ್ಚಹೊಸ ಫಿಲ್ಟರು, ಅಂಗಡಿಯ ಪ್ಲಾಸ್ಟಿಕ್ ಕವರಿನ ಸಮೇತ ಕೂತಿತ್ತು. ಒಂದು ಮೂಲೆ ಹರಿದಿದ್ದರಿಂದ ಇಂಜಿನ್ ಇಷ್ಟು ದಿನ ಹೇಗೋ ಉಸಿರಾಡಿತ್ತು; ಇವತ್ತು ಉಪಾಯ ಕೊರೆದ ತೂತಿನಿಂದಲೂ ಗಾಳಿ ಸಿಕ್ಕಿತ್ತು.

"ಇದನ್ನ ಹಾಕಿದ್ಯಾರು?"

"ನಾನೇ ಮೇಡಂ, ಹೋದ ತಿಂಗಳು. ಹೊಸದಲ್ವಾ, ಧೂಳು ಕೂರದೇ ಇರ್ಲಿ ಅಂತ ಕವರ್ ಬಿಚ್ಲಿಲ್ಲ."

ಮೇಡಂ ಕವರನ್ನು ಸರಕ್ಕನೆ ಎಳೆದು ಅವನ ಕೈಗಿತ್ತರು. "ಇಷ್ಟು ಮಾಡಿದ್ದಿದ್ರೆ ಗ್ಯಾಸಿಲ್ದೇನೇ ದಿಬ್ಬ ಹತ್ತಿರೋದು."

ಅವನು ಇಣುಕಿ ನೋಡಿದ. ಇಡೀ ಇಂಜಿನ್ನಿನಲ್ಲಿ ಹಾಳಾಗದೆ ಉಳಿದದ್ದು ಆ ಫಿಲ್ಟರೊಂದೇ. ಅದರ ಮೇಲೆ ನಿಜಕ್ಕೂ ಒಂದು ಕಣ ಧೂಳಿರಲಿಲ್ಲ.